ಹೊಲ ತೋರಿಸಿ ಸೀಟು ತಗೊಂಡೆ ಅಂದಿದ್ದೆ

ಕೊಡಿಗೇಹಳ್ಳಿ ಗೇಟಿನಿಂದ ಬಳ್ಳಾರಿ ರಸ್ತೆ ಹಿಡಿದು ಯಲಹಂಕದ ಕಡೆ ಹೊರಟರೆ, ಟ್ರಾಫಿಕ್ ಇಲ್ಲದ ಭಾನುವಾರ ಬೆಳಿಗ್ಗೆ ಕಾಫಿ ಆರುವಷ್ಟರಲ್ಲಿ ಜಿಕೆವಿಕೆ ಗೇಟು ಸಿಗುತ್ತದೆ. ನಮ್ಮ ದೊಡ್ಡಪ್ಪನ ಮಗಳು ಅಲ್ಲಿ ನಾಲ್ಕು ವರ್ಷ ಓದಿದಳು. ಆ ನಾಲ್ಕು ವರ್ಷದಲ್ಲಿ ಒಂದು ಸಲವೂ ನಮ್ಮ ಮನೆಗೆ ಬರಲಿಲ್ಲ. ಕಾರಣ ನಾನು.

ಅವಳು ನನಗಿಂತ ಐದು ತಿಂಗಳಿಗೆ ದೊಡ್ಡವಳು. ಆದರೂ ಚಿಕ್ಕಂದಿನಿಂದ ಅಕ್ಕ ಅಂತಲೇ ಕರೆದು ಅಭ್ಯಾಸ. ದೊಡ್ಡಪ್ಪ ದೊಡ್ಡಬಳ್ಳಾಪುರದ ಕಡೆ ನಮ್ಮೂರಲ್ಲೇ ಉಳಿದು ರಾಗಿ, ಅವರೆ, ಒಂದಿಷ್ಟು ಹಿಪ್ಪುನೇರಳೆ ಬೆಳೆದುಕೊಂಡಿದ್ದರು. ಅಪ್ಪ ಬ್ಯಾಂಕಿಗೆ ಸೇರಿ, ಕೊಡಿಗೇಹಳ್ಳಿಯಲ್ಲಿ ಒಂದು ಥರ್ಟಿ-ಫಾರ್ಟಿ ಸೈಟು ಮಾಡಿ ಮನೆ ಕಟ್ಟಿದರು. ಇಬ್ಬರೂ ಒಂದೇ ವರ್ಷ ಪಿಯುಸಿ ಮುಗಿಸಿದೆವು, 2013ರಲ್ಲಿ. ಇಬ್ಬರೂ ಸಿಇಟಿ ಬರೆದೆವು. ಇಬ್ಬರಿಗೂ ಬೇಕಾಗಿದ್ದದ್ದು ಬಿಎಸ್ಸಿ ಅಗ್ರಿ.

ಸಿಇಟಿಯಲ್ಲಿ ನನಗೆ ಅವಳಿಗಿಂತ ಜಾಸ್ತಿ ಅಂಕ ಬಂತು. ಸೀಟು ಅವಳಿಗೆ ಸಿಕ್ಕಿತು.

ಕೃಷಿ ವಿಶ್ವವಿದ್ಯಾಲಯಗಳಲ್ಲಿ ರೈತರ ಮಕ್ಕಳಿಗೆ ಅಂತ ಪ್ರತ್ಯೇಕ ಕೋಟಾ ಇದೆ. 2021ರವರೆಗೆ ಅದು ನೂರಕ್ಕೆ 40 ಇತ್ತು, ಆ ವರ್ಷ 50ಕ್ಕೆ ಏರಿಸಿದರು. ಕೃಷಿಕ ಕುಟುಂಬ ಅಂತ ಕಂದಾಯ ಇಲಾಖೆಯ ಪ್ರಮಾಣಪತ್ರ ಬೇಕು. ಅದು ಸಾಲದು ಅಂತ ಒಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಕಳೆ, ಗೊಬ್ಬರ, ಸಲಕರಣೆ ಎಲ್ಲ ಮುಂದೆ ಇಟ್ಟು ಇದು ಏನು ಅಂತ ಕೇಳುತ್ತಾರೆ. ಆ ಅಂಕವೂ ರ‍್ಯಾಂಕಿಗೆ ಸೇರುತ್ತದೆ.

ಆ ವರ್ಷದ ಗೌರಿಹಬ್ಬಕ್ಕೆ ಎಲ್ಲರೂ ಊರಲ್ಲಿ ಸೇರಿದ್ದೆವು. ದೊಡ್ಡಮ್ಮ ಖುಷಿಯಲ್ಲಿ ಹೋಳಿಗೆ ತಟ್ಟುತ್ತಾ, "ಇನ್ಮೇಲೆ ಭಾನುವಾರ ಭಾನುವಾರ ನಿಮ್ಮನೇಗೇ ಊಟಕ್ಕೆ ಬರ್ತಾಳಂತೆ ಕಣಮ್ಮ" ಅಂದರು. ನಾನು ತಟ್ಟೆಯಿಂದ ತಲೆ ಎತ್ತದೆ ಅಂದೆ: "ಅವಳಿಗೇನು ಬಿಡಿ ದೊಡ್ಡಮ್ಮ. ಹೊಲ ತೋರಿಸಿ ಸೀಟು ತಗೊಂಡ್ಲು. ನಮ್ಮಪ್ಪ ಮಾರ್ಕ್ಸ್ ಒಂದೇ ನಂಬ್ಕೊಂಡ್ರು."

ಯಾರೂ ಮಾತಾಡಲಿಲ್ಲ. ಅಕ್ಕ ಎದ್ದು ಕೈ ತೊಳೆದಳು. ಆಮೇಲೆ ಅವರೆಕಾಯಿ ಕಾಲದಲ್ಲಿ ದೊಡ್ಡಮ್ಮ ಚೀಲ ಕಳಿಸುತ್ತಿದ್ದರು, ಯಾರದೋ ಕೈಯಲ್ಲಿ. ಅವಳು ಮಾತ್ರ ಬರಲಿಲ್ಲ.

ಅಪ್ಪ ಬೇಡ ಅಂದದ್ದು, ಅಪ್ಪ ಮಾಡಿದ್ದು

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ನನಗೂ ಆ ಪ್ರಮಾಣಪತ್ರ ಸಿಗಬಹುದಿತ್ತು. ಪಹಣಿ ಇನ್ನೂ ತಾತನ ಹೆಸರಲ್ಲೇ ಇತ್ತು. "ಖರ್ಚು ನೋಡ್ಕೊಳಿ, ನಾನು ಮಾಡಿಸಿಕೊಡ್ತೀನಿ" ಅಂತ ಊರಲ್ಲಿ ಒಬ್ಬರು ಮುಂದೆಯೂ ಬಂದಿದ್ದರು. ಅಪ್ಪ ಒಪ್ಪಲಿಲ್ಲ. ಅವತ್ತು ರಾತ್ರಿ ನಾನು ಅತ್ತು ರಂಪ ಮಾಡಿದಾಗ ಕೇಳಿದ್ದು ಒಂದೇ ಪ್ರಶ್ನೆ: "ನೀನು ಯಾವತ್ತಾದ್ರೂ ಕಳೆ ಕಿತ್ತಿದ್ದೀಯಾ?"

ಇಷ್ಟೇ ಆಗಿದ್ದರೆ ಇದು ಪ್ರಾಮಾಣಿಕ ಅಪ್ಪನ ಕಥೆ ಆಗಿ ಮುಗಿಯುತ್ತಿತ್ತು. ಆದರೆ ಎರಡು ತಿಂಗಳಾದ ಮೇಲೆ ಅದೇ ಅಪ್ಪ ಪಿಎಫ್ ಹಣ ತೆಗೆದು, ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನನಗೆ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಿದರು. ನನ್ನ ಸಿಇಟಿ ರ‍್ಯಾಂಕಿಗೆ ಆ ಬ್ರಾಂಚು ಖಂಡಿತ ಸಿಗುತ್ತಿರಲಿಲ್ಲ. ಎಲ್ಲ ಕಾನೂನಿನ ಪ್ರಕಾರವೇ, ರಸೀದಿಯೂ ಇತ್ತು. "ಅದು ಬೇಡ ಅಂದ್ರಿ, ಇದು ಹೇಗೆ ಸರಿ?" ಅಂತ ಅಮ್ಮ ಕೇಳಿದ್ದಕ್ಕೆ ಅಪ್ಪ, "ಅದು ಸುಳ್ಳು. ಇದು ದುಡ್ಡು" ಅಂದರು.

ಅವತ್ತು ನನಗೆ ಅದು ದೊಡ್ಡ ಮಾತು ಅನ್ನಿಸಿತ್ತು. ಆಮೇಲಾಮೇಲೆ ಒಂದು ಪ್ರಶ್ನೆ ಶುರುವಾಯಿತು. ಅಕ್ಕ ತನ್ನಪ್ಪನ ಹೊಲ ತೋರಿಸಿದಳು. ನಾನು ನನ್ನಪ್ಪನ ಪಿಎಫ್ ತೋರಿಸಿದೆ. ಅವಳಿಗಾದರೂ ಪರೀಕ್ಷೆ ಇತ್ತು, ನನಗೆ ಅದೂ ಇರಲಿಲ್ಲ. ಹಾಗಿದ್ದ ಮೇಲೆ ಹೋಳಿಗೆ ತಟ್ಟೆ ಮುಂದೆ ಕೂತು ಅನ್ಯಾಯ ಆಯಿತು ಅಂತ ಹೇಳುವ ಅಧಿಕಾರ ನನಗೆ ಎಲ್ಲಿಂದ ಬಂತು?

ಇದು ಹೊಸ ಜಗಳವಲ್ಲ

ಸೀಟು ಯಾರಿಗೆ ಅನ್ನುವ ಜಗಳ ನಮ್ಮ ರಾಜ್ಯದಲ್ಲಿ ನೂರು ವರ್ಷ ದಾಟಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದ ಮೈಸೂರು ಸರ್ಕಾರ ಮಿಲ್ಲರ್ ಸಮಿತಿ ಮಾಡಿತು. ಸರ್ಕಾರಿ ಕೆಲಸಗಳು ಒಂದೇ ಸಮುದಾಯದ ಮನೆಗಳಿಗೆ ಹೋಗುತ್ತಿವೆ, ಬೇರೆಯವರಿಗೂ ದಾರಿ ಮಾಡಬೇಕು ಅನ್ನುವುದು ಅದರ ಹಿಂದಿನ ಕೂಗು. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ನೀತಿ ಒಪ್ಪಿಗೆ ಇರಲಿಲ್ಲ. ಆ ದಿನಗಳಲ್ಲೇ ಅವರು ಹುದ್ದೆ ಬಿಟ್ಟರು. ಅರ್ಹತೆ ಮುಖ್ಯ ಅನ್ನುವವರೂ, ಅರ್ಹತೆ ಬೆಳೆಯುವುದಕ್ಕೆ ಮೊದಲು ಜಾಗ ಬೇಕು ಅನ್ನುವವರೂ ಅವತ್ತೂ ಇದ್ದರು.

ಆಮೇಲೆ ಸಂದರ್ಶನದ ಕಾಲ ಬಂತು. ಮೈಸೂರು ರಾಜ್ಯದಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಸೀಟಿಗೆ ಪರೀಕ್ಷೆಯ ಅಂಕದ ಜೊತೆ ಸಂದರ್ಶನಕ್ಕೂ ಅಂಕ ಇತ್ತು. 1964ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ಚಿತ್ರಲೇಖಾ ಮೊಕದ್ದಮೆಯಲ್ಲಿ ಇದೂ ಪ್ರಶ್ನೆಯಾಗಿತ್ತು. ಕೋರ್ಟು ಸಂದರ್ಶನವನ್ನು ತಳ್ಳಿಹಾಕಲಿಲ್ಲ. ಆದರೆ ಯೋಚಿಸಿ: ಎದುರಿಗೆ ಕೂತವರು "ನಿಮ್ಮ ತಂದೆ ಏನು ಮಾಡ್ತಾರೆ?" ಅಂತ ಕೇಳಿದಾಗ ಉತ್ತರ ಕೊಡುವುದು ಹುಡುಗನೋ, ಅವನ ಮನೆಯೋ?

ಅದಾದ ಮೇಲೆ ಡೊನೇಷನ್. ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ ಕರ್ನಾಟಕ 1984ರಲ್ಲೇ ಕಾನೂನು ಮಾಡಿತು. ಆದರೂ 1989ರಲ್ಲಿ ಸರ್ಕಾರವೇ ಹೊರಡಿಸಿದ ಆದೇಶದಲ್ಲಿ ಖಾಸಗಿ ಮೆಡಿಕಲ್ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿಗೆ ಕರ್ನಾಟಕದವರಾದರೆ 25,000, ಹೊರಗಿನವರಾದರೆ 60,000 ಅಂತ ಇತ್ತು. ಮೀರತ್‌ನಿಂದ ತುಮಕೂರಿನ ಕಾಲೇಜಿಗೆ ಅರ್ಜಿ ಹಾಕಿದ್ದ ಮೋಹಿನಿ ಜೈನ್ ಈ 60,000ದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಗೆದ್ದರು. 1994ರಲ್ಲಿ ನಮ್ಮ ಸಿಇಟಿ ಶುರುವಾಯಿತು. ಅಪ್ಪ ಯಾರು ಅನ್ನುವುದು ಗೊತ್ತಿಲ್ಲದ ಒಂದು ಯಂತ್ರ ಸೀಟು ಹಂಚಲಿ ಅನ್ನುವುದು ಅದರ ಆಸೆ.

ಆದರೆ ಅಪ್ಪ ಅಷ್ಟು ಸುಲಭಕ್ಕೆ ಹೊರಗೆ ಹೋಗುವುದಿಲ್ಲ. ಖಾಸಗಿ ಕಾಲೇಜುಗಳಲ್ಲಿ ನೂರಕ್ಕೆ 15ರವರೆಗೆ ಎನ್‌ಆರ್‌ಐ ಸೀಟಿಗೆ ಸುಪ್ರೀಂ ಕೋರ್ಟೇ 2005ರಲ್ಲಿ ಅವಕಾಶ ಕೊಟ್ಟಿತು. 2024ರಲ್ಲಿ ಪಂಜಾಬ್ ಸರ್ಕಾರ ಒಂದು ಹೆಜ್ಜೆ ಮುಂದೆ ಹೋಗಿ, ಅನಿವಾಸಿಗಳ ಚಿಕ್ಕಪ್ಪ, ಮಾವ, ಅತ್ತೆ, ಕಸಿನ್ ಸಂಬಂಧದವರೂ ಆ ಕೋಟಾಕ್ಕೆ ಬರಬಹುದು ಅಂದಿತು. ಹೈಕೋರ್ಟ್ ಅದನ್ನು ರದ್ದು ಮಾಡಿತು. ಸರ್ಕಾರ ಹೋದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ಕಟುವಾದ ಮಾತುಗಳಲ್ಲೇ ವಜಾ ಮಾಡಿತು.

ಅಮೆರಿಕದ್ದು ಇನ್ನೂ ನೇರ. ನಿಮ್ಮ ಅಪ್ಪನೋ ಅಮ್ಮನೋ ಅದೇ ಕಾಲೇಜಿನಲ್ಲಿ ಓದಿದ್ದರೆ ನಿಮಗೆ ಒಂದು ಮೆಟ್ಟಿಲು ಮೇಲೆ. ಇದಕ್ಕೆ ಅವರು ಲೆಗಸಿ ಅನ್ನುತ್ತಾರೆ. ಹಾರ್ವರ್ಡ್ ವಿರುದ್ಧದ ಮೊಕದ್ದಮೆಯಲ್ಲಿ ಹೊರಬಂದ ಲೆಕ್ಕದ ಪ್ರಕಾರ, ಅಲ್ಲಿ ಹಳೇ ವಿದ್ಯಾರ್ಥಿಗಳ ಮಕ್ಕಳು ಅರ್ಜಿ ಹಾಕಿದರೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಸೀಟು. ಉಳಿದವರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ. 2023ರ ಜೂನ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಜನಾಂಗ ನೋಡಿ ಸೀಟು ಕೊಡುವುದನ್ನು ನಿಲ್ಲಿಸಿತು. ಲೆಗಸಿ ಹಾಗೇ ಉಳಿಯಿತು. ಆಮೇಲೆ ಕೂಗು ಜೋರಾಗಿ, 2024ರಲ್ಲಿ ಕ್ಯಾಲಿಫೋರ್ನಿಯಾ ಖಾಸಗಿ ಕಾಲೇಜುಗಳಲ್ಲೂ ಅದನ್ನು ನಿಷೇಧಿಸುವ ಕಾನೂನು ತಂದಿತು.

ಕ್ಯಾಂಟೀನಿನಲ್ಲಿ ಹಾರ್ವರ್ಡ್ ಸುದ್ದಿ ಬಂದಾಗ ನಾವೆಲ್ಲ "ಛೇ, ಎಂಥ ಅನ್ಯಾಯ" ಅಂದೆವು. ಆ ಟೇಬಲ್ಲಿನಲ್ಲಿ ಕೂತಿದ್ದ ಐವರಲ್ಲಿ ಮೂವರು ರೆಫರಲ್ ಮೇಲೆ ಕೆಲಸಕ್ಕೆ ಸೇರಿದವರು. ನನ್ನನ್ನೂ ಸೇರಿಸಿ. ನನ್ನ ರೆಸ್ಯೂಮೆ ಮುಂದಕ್ಕೆ ಕಳಿಸಿದ್ದು ಅಪ್ಪನ ಬ್ಯಾಂಕಿನ ಸ್ನೇಹಿತರ ಮಗ.

ಕೃಷಿ ಮೇಳದ ಮಧ್ಯಾಹ್ನ

ತಾತ ತೀರಿಕೊಂಡ ಮೇಲೆ ಅಕ್ಕ, ನಾನು ಮತ್ತೆ ಮಾತಾಡಲು ಶುರು ಮಾಡಿದೆವು. ಅವಳು ಈಗ ಕೃಷಿ ಅಧಿಕಾರಿ, ಒಂದು ರೈತ ಸಂಪರ್ಕ ಕೇಂದ್ರದಲ್ಲಿ. ಆದರೆ ಆ ಗೌರಿಹಬ್ಬದ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ಕಳೆದ ನವೆಂಬರಿನ ಕೃಷಿ ಮೇಳಕ್ಕೆ ತನ್ನ ಹೋಬಳಿಯ ರೈತರನ್ನು ಕರೆದುಕೊಂಡು ಜಿಕೆವಿಕೆಗೆ ಬಂದಿದ್ದಳು. ನಾನೂ ಹೋದೆ. ಸಿರಿಧಾನ್ಯದ ಮಳಿಗೆ ಮುಂದೆ ನಿಂತಿದ್ದಾಗ ತಟ್ಟೆಗಳಲ್ಲಿ ಕಾಳು ಹರಡಿಟ್ಟಿದ್ದರು. ಅವಳು ನಗುತ್ತಾ, "ಹೇಳು ನೋಡೋಣ, ಯಾವುದು ಯಾವುದು?" ಅಂದಳು.

ರಾಗಿ ಗೊತ್ತಾಯಿತು. ನವಣೆ ಇರಬೇಕು ಅಂದದ್ದು ಸಾಮೆ. ಎಳ್ಳು ಅಂದದ್ದು ಹುಚ್ಚೆಳ್ಳು.

"ನಮಗೂ ಹೀಗೇ ಇಟ್ಟಿದ್ರು ಕಣೇ" ಅಂದಳು. "ನನಗೆ ಅವತ್ತು ಕೈ ನಡುಗ್ತಾ ಇತ್ತು. ಆಮೇಲೆ ನೋಡ್ತೀನಿ, ಎಲ್ಲಾ ನಮ್ಮನೆ ಸಾಮಾನೇ. ಜೇಕು, ಗರಿಕೆ, ಕೂರಿಗೆ. ಹುಟ್ಟಿದಾಗಿಂದ ಅದನ್ನ ಕಿತ್ತು, ಅದನ್ನ ಹೊತ್ತು ಸಾಕಾಗಿತ್ತು. ಅದಕ್ಕೂ ಅಂಕ ಕೊಡ್ತಾರೆ ಅಂತ ನನ್ನ ಜೀವನದಲ್ಲಿ ಗೊತ್ತಾಗಿದ್ದು ಅವತ್ತೇ."

ನಾನು ಕ್ಷಮೆ ಕೇಳಿದೆ. ಹನ್ನೆರಡು ವರ್ಷ ತಡವಾಗಿ, ಕಡಲೆಕಾಯಿ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡು. ಅವಳು ತಕ್ಷಣ "ಹೋಗ್ಲಿ ಬಿಡು" ಅನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಹಾಸ್ಟೆಲಲ್ಲೂ ಅಂತಿದ್ರು. ಕೋಟಾದವಳು ಅಂತ. ಅದು ಅಷ್ಟು ನೋಯಲಿಲ್ಲ. ನೀನು ಅಂದಿದ್ದು ನೋಯ್ತು. ಯಾಕಂದ್ರೆ ಆ ಹೊಲದ ಅವರೆಕಾಯಿ ತಿಂದು ನೀನೂ ಬೆಳೆದಿದ್ದೆ."

ಆಮೇಲೆ ಅವಳೇ ಇನ್ನೊಂದು ಮಾತು ಸೇರಿಸಿದಳು. ಕೋಟಾದಲ್ಲಿ ಬಂದವರೆಲ್ಲ ತನ್ನಂಥವರಲ್ಲ. ಫಾರ್ಮ್‌ಹೌಸಿಗೆ ರಜೆಯಲ್ಲಿ ಹೋಗಿ ಬರುವವರ ಮಕ್ಕಳೂ ಇದ್ದರು, ಪರೀಕ್ಷೆಗೆ ಅಂತಲೇ ಕಾಳುಗಳ ಕೋಚಿಂಗ್ ತೆಗೆದುಕೊಂಡು. "ನಮ್ಮೂರಲ್ಲಿ ಬೇರೆಯವರ ಹೊಲ ವಾರಕ್ಕೆ ಮಾಡೋರು ಇದ್ದಾರಲ್ಲ, ಅವರ ಮಗಳು ನನಗಿಂತ ಚೆನ್ನಾಗಿ ಕಳೆ ಗುರುತಿಸ್ತಾಳೆ. ಅವಳು ಯಾರ ಪಹಣಿ ತೋರಿಸಬೇಕು ಹೇಳು?"

ನಾನು ಆ ಸೀಟಿನ ಬಗ್ಗೆ ಹನ್ನೆರಡು ವರ್ಷ ಸಿಟ್ಟಾಗಿದ್ದೆ. ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಕಾಣುವುದರ ಮೇಲೆ ಸಿಟ್ಟು

ಅವತ್ತು ಮನೆಗೆ ಬರುವಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನಮ್ಮ ಸಿಟ್ಟು ಕಾಗದದ ಮೇಲೆ ಬರೆದಿರುವ ಅನುಕೂಲದ ಮೇಲೆ ಮಾತ್ರ. ಕೋಟಾ ಅಂದರೆ ಪಟ್ಟಿಯಲ್ಲಿ ಹೆಸರಿನ ಪಕ್ಕ ಒಂದು ಅಕ್ಷರ ಇರುತ್ತದೆ, ಬೆರಳು ತೋರಿಸುವುದು ಸುಲಭ. ನನ್ನ ಹೆಸರಿನ ಪಕ್ಕ ಏನೂ ಇರಲಿಲ್ಲ. ಆದರೆ ನನಗೆ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಇತ್ತು. ಮಲ್ಲೇಶ್ವರದಲ್ಲಿ ಸಿಇಟಿ ಕೋಚಿಂಗ್ ಇತ್ತು. ಕರೆಂಟು ಹೋದರೆ ಯುಪಿಎಸ್ ಇತ್ತು. ಆಪ್ಷನ್ ಎಂಟ್ರಿ ಮಾಡುವಾಗ ಪಕ್ಕದಲ್ಲಿ ಕೂತು, "ಇದನ್ನ ಮೇಲೆ ಹಾಕು, ಅದನ್ನ ಕೆಳಗೆ ಹಾಕು" ಅನ್ನಲು ಅಪ್ಪ ಇದ್ದರು. ಇದಕ್ಕೆಲ್ಲ ಯಾವ ತಾಲ್ಲೂಕು ಕಚೇರಿಯೂ ಪ್ರಮಾಣಪತ್ರ ಕೊಡುವುದಿಲ್ಲ. ಹಾಗಾಗಿ ಇದನ್ನು ನಾವು ಮೆರಿಟ್ ಅಂತ ಕರೆಯುತ್ತೇವೆ.

ಅಮೆರಿಕದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಲೆಕ್ಕ ಹಾಕಿತು. ಪ್ರವೇಶ ಪರೀಕ್ಷೆಯಲ್ಲಿ ಒಂದೇ ಮಟ್ಟದ ಅಂಕ ಬಂದಿದ್ದರೂ, ಮಧ್ಯಮ ವರ್ಗದ ಮಕ್ಕಳಿಗಿಂತ ಅತಿ ಶ್ರೀಮಂತ ಶೇಕಡಾ ಒಂದರಷ್ಟು ಮನೆಗಳ ಮಕ್ಕಳು ಅಲ್ಲಿಯ ಅತಿ ದೊಡ್ಡ ಕಾಲೇಜುಗಳನ್ನು ಸೇರುವ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು.

ಹಾಗಂತ ಎಲ್ಲ ಅನುಕೂಲವೂ ಒಂದೇ ಅಂತ ನಾನು ಹೇಳುತ್ತಿಲ್ಲ. ಈಗ ಯಾವುದೇ ಕೋಟಾದ ಸುದ್ದಿ ಓದಿದಾಗ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಇಲ್ಲದವರಿಗೆ ಬಾಗಿಲು ತೆರೆಯುತ್ತಿದೆಯೋ, ಒಳಗಿರುವವರ ಮಕ್ಕಳಿಗೇ ಮತ್ತೊಂದು ಬೀಗದಕೈ ಕೊಡುತ್ತಿದೆಯೋ? ಮತ್ತೆ, ಇದು ಯಾರಿಗಾಗಿ ಇದೆಯೋ ಅವರ ಕೈಗೆ ನಿಜವಾಗಿ ಸಿಗುತ್ತಿದೆಯೋ? ಹಾರ್ವರ್ಡಿನ ಲೆಗಸಿ ಮೊದಲನೇ ಪ್ರಶ್ನೆಯಲ್ಲೇ ಬೀಳುತ್ತದೆ. ನನ್ನ ಮ್ಯಾನೇಜ್‌ಮೆಂಟ್ ಸೀಟೂ ಬೀಳುತ್ತದೆ. ಅಕ್ಕನ ಸೀಟು ಮೊದಲನೆಯದರಲ್ಲಿ ನಿಲ್ಲುತ್ತದೆ, ಎರಡನೆಯದರಲ್ಲಿ ಅವಳೇ ತಕರಾರು ಎತ್ತಿದ್ದಾಳೆ.

ಸ್ಯಾಲರಿ ಸ್ಲಿಪ್ಪಿನ ಒಂದು ಸಾಲು

ಈ ಜೂನ್‌ನಲ್ಲಿ ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರ ಮಗಳು ಮನೆಗೆ ಬಂದಳು. ಸಿಇಟಿ, ನೀಟ್ ಎರಡೂ ಬರೆದಿದ್ದಾಳೆ. ಆಪ್ಷನ್ ಎಂಟ್ರಿ ಅಂದರೆ ಏನು ಅಂತ ಕೇಳಲು ಬಂದಿದ್ದಳು. ಸೈಬರ್ ಸೆಂಟರಿನವರು ನಾಲ್ಕು ಕಾಲೇಜು ಹಾಕಿದರೆ ಸಾಕು ಅಂದಿದ್ದರಂತೆ.

ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತೆವು. ಎಷ್ಟು ಬೇಕಾದರೂ ಹಾಕಬಹುದು, ಆದರೆ ಬೇಕಾದ ಕ್ರಮದಲ್ಲೇ ಹಾಕಬೇಕು ಅಂತ ಹೇಳಿದೆ. ಅಣಕು ಹಂಚಿಕೆ ನೋಡಿ ಆಮೇಲೆ ಬದಲಾಯಿಸಬಹುದು ಅಂತ ತೋರಿಸಿದೆ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗೆ ಇದ್ದರೆ ಬೋಧನಾ ಶುಲ್ಕವಿಲ್ಲದ ಸೂಪರ್‌ನ್ಯೂಮರರಿ ಸೀಟು ಇಂಜಿನಿಯರಿಂಗ್‌ನಲ್ಲಿ ಇದೆ ಅಂದಾಗ ಅವಳು ಪೆನ್ನು ಕೇಳಿ ಕೈ ಮೇಲೆ ಬರೆದುಕೊಂಡಳು.

ಆದಾಯದ ಲೆಕ್ಕಕ್ಕೆ ಅಂತ ಅವಳಮ್ಮನ ಸಂಬಳದ ಚೀಟಿ ಫೋನಿನಲ್ಲಿ ತೋರಿಸಿದಳು. ಅವಳಮ್ಮ ಯಶವಂತಪುರದ ಆಚೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಚೀಟಿಯಲ್ಲಿ ಒಂದು ಸಾಲು: ಇಎಸ್‌ಐ ಕಡಿತ. ನನ್ನ ಬೆರಳು ಅಲ್ಲೇ ನಿಂತಿತು.

2017ರಿಂದ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಇಎಸ್‌ಐ ವ್ಯಾಪ್ತಿಯಲ್ಲಿದ್ದಾರೆ. 2019ರಿಂದ ಕಾರ್ಮಿಕರ ಪಾಲು ಸಂಬಳದ ನೂರಕ್ಕೆ 0.75, ಮಾಲೀಕರ ಪಾಲು 3.25. ಆಸ್ಪತ್ರೆಗೆ ಅಂತ ಹಿಡಿಯುವ ದುಡ್ಡು ಅಂತಷ್ಟೇ ಜನಕ್ಕೆ ಗೊತ್ತು. ಆದರೆ ಇಎಸ್‌ಐ ನಿಗಮಕ್ಕೆ ತನ್ನದೇ ಮೆಡಿಕಲ್ ಕಾಲೇಜುಗಳಿವೆ, ನಮ್ಮ ರಾಜಾಜಿನಗರದಲ್ಲೂ ಒಂದು, ಕಲಬುರಗಿಯಲ್ಲೂ ಒಂದು. ಅಲ್ಲಿ ವಿಮೆ ಕಟ್ಟುವ ಕಾರ್ಮಿಕರ ಮಕ್ಕಳಿಗೆ ಅಂತ ಪ್ರತ್ಯೇಕ ಸೀಟುಗಳಿವೆ. ನೀಟ್ ಅಂಕ ಬೇಕು, ಜೊತೆಗೆ ಇಎಸ್‌ಐ ನಿಗಮದ ಪ್ರಮಾಣಪತ್ರ ಬೇಕು.

ಅಂದರೆ ಇದೂ ಲೆಗಸಿಯೇ. ಅಮ್ಮನ ಕೆಲಸದಿಂದ ಮಗಳಿಗೆ ಬರುವಂಥದ್ದು. ಹೊಲಿಗೆ ಯಂತ್ರದ ಮುಂದೆ ಕೂತವರಿಗೆ ಕೊಟ್ಟಿರುವ ಬೀಗದಕೈ. ಅದು ಇದೆ ಅನ್ನುವುದೇ ಆ ಮನೆಗೆ ಗೊತ್ತಿರಲಿಲ್ಲ. ನನಗಾದರೂ ಹೇಗೆ ಗೊತ್ತಿತ್ತು? ಆಫೀಸಿನಲ್ಲಿ ಸಂಬಳದ ಸಾಫ್ಟ್‌ವೇರ್ ಮಾಡುವ ತಂಡದಲ್ಲಿ ಇದ್ದೇನೆ, ಅದಕ್ಕೆ.

ಅರ್ಜಿಯ ಗಡುವು ಇನ್ನೂ ಮುಗಿದಿರಲಿಲ್ಲ. ಅವಳ ಅಂಕಕ್ಕೆ ಸೀಟು ಸಿಗುತ್ತದೋ ಇಲ್ಲವೋ, ಈ ಲೇಖನ ಬರೆಯುವ ಹೊತ್ತಿಗೆ ತೀರ್ಮಾನವಾಗಿಲ್ಲ. ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಅಗ್ರಿ ಕಾಲೇಜುಗಳ ವಿಷಯವನ್ನೂ ಕೇಳಿಸಿದೆ. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಮಧ್ಯೆ ಅಕ್ಕ, "ನಿನ್ನ ಪಕ್ಕ ಕೂತಿದ್ದಾಳಲ್ಲ, ಅವಳಿಗೆ ಹುಚ್ಚೆಳ್ಳು ಗೊತ್ತಿಲ್ಲ, ಅವಳನ್ನ ಕೇಳಬೇಡ" ಅಂದಳು.

ಹೊರಡುವಾಗ ಹುಡುಗಿ ಬಾಗಿಲ ಹತ್ತಿರ ನಿಂತಳು. "ಅಕ್ಕ, ಇಎಸ್‌ಐದೂ ಕೋಟಾನೇ ಅಲ್ವಾ? ನಾಳೆ ಸಿಕ್ಕಿದ್ರೆ, ಅಮ್ಮನ ಸ್ಲಿಪ್ ತೋರಿಸಿ ತಗೊಂಡ್ಲು ಅಂತ ಫ್ರೆಂಡ್ಸ್ ಅಂತಾರೆ."

ನನಗೆ ಒಂದು ಕ್ಷಣ ಹೋಳಿಗೆ ತಟ್ಟೆ ಕಣ್ಣ ಮುಂದೆ ಬಂತು.

"ಅಂತಾರೆ" ಅಂದೆ. "ನಾನೂ ಒಬ್ಬರಿಗೆ ಅಂದಿದ್ದೆ. ನಿಮ್ಮಮ್ಮ ಎಷ್ಟು ವರ್ಷದಿಂದ ಗಾರ್ಮೆಂಟ್ಸ್‌ಗೆ ಹೋಗ್ತಿದ್ದಾರೆ?"

"ಹನ್ನೊಂದು."

"ಹಾಗಾದ್ರೆ ಅನ್ನೋರಿಗೆ ಅಷ್ಟು ಹೇಳು ಸಾಕು."

ಅವಳು ಹೋದ ಮೇಲೆ ಅಪ್ಪನ ರೂಮಿಗೆ ಹೋದೆ. ಕಿವಿ ಸ್ವಲ್ಪ ಮಂದ ಆಗಿದೆ, ಆದರೂ ಮಾತೆಲ್ಲ ಕೇಳಿಸಿಕೊಂಡಿದ್ದರು. "ಭಾನುವಾರ ಅಕ್ಕನ್ನ ಊಟಕ್ಕೆ ಕರಿ" ಅಂದರು. ಕರೆದಿದ್ದೇನೆ. ಬರ್ತೀನಿ ಅಂದಿದ್ದಾಳೆ.